ಜಿಲ್ಲೆಗೆಲ್ಲ ಹುಳು ಹಣ್ಣಾದ ದಿನ

ಆವಲಪ್ಪನ ಟಿವಿಎಸ್ ಗಾಡಿಗೆ ಎರಡು ಬೋರ್ಡುಗಳಿದ್ದವು. ಸಣ್ಣದರಲ್ಲಿ ಗಾಡಿಯ ನಂಬರು; ದೊಡ್ಡದರಲ್ಲಿ, ಕೆಂಪು ಅಕ್ಷರದಲ್ಲಿ, ‘ಸಹ ಕಾರ್ಯದರ್ಶಿ, ಹೋಬಳಿ ಘಟಕ’. ದೊಡ್ಡ ಬೋರ್ಡಿನ ಹಿಂದೆ ಹೆಡ್‌ಲೈಟು ಮುಚ್ಚಿಹೋಗಿದೆಯೆಂದು ಶಿಡ್ಲಘಟ್ಟದ ಪೊಲೀಸಪ್ಪ ಗದರಿದಾಗ ಆವಲಪ್ಪ ಹೆಡ್‌ಲೈಟು ಬಿಚ್ಚಿಸಿದನೇ ಹೊರತು ಬೋರ್ಡು ಬಿಚ್ಚಿಸಲಿಲ್ಲ. ಅಂದಿನಿಂದ ಕತ್ತಲಾದ ಮೇಲೆ ಎಲ್ಲಿಗೆ ಹೊರಟರೂ ಹೆಂಡತಿ ಅಶ್ವತ್ಥಮ್ಮ ಹಿಂದೆ ಕೂತು ಅವನ ಭುಜದ ಮೇಲಿಂದ ಟಾರ್ಚು ಬಿಡಬೇಕಾಗಿತ್ತು. ಮನೆಯಲ್ಲಿ ರೇಷ್ಮೆ ಹುಳು ಸಾಕುವವಳೂ ಅವಳೇ, ತೋಟದಲ್ಲಿ ಸೊಪ್ಪು ಕೊಯ್ಯುವವಳೂ ಅವಳೇ. ಪಕ್ಷದ ಮೇಲೆ ಅವಳಿಗೆ ಎಂಥ ಪ್ರೀತಿ ಇದ್ದೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪಕ್ಷದ ರಾಜ್ಯಾಧ್ಯಕ್ಷರು ವೆಂಕಟರವಣಪ್ಪನವರು. ಹುಟ್ಟಿದ್ದು ಈ ಕಡೆಯೇ ಆದರೂ ಬೆಳೆದದ್ದೆಲ್ಲ ರಾಜಧಾನಿಯ ಪಕ್ಷದ ಕಚೇರಿಯಲ್ಲಿ. ರೇಷ್ಮೆ ಎಂದರೆ ಅವರಿಗೆ ಗೊತ್ತಿದ್ದದ್ದು ಉಡುವ ಪಂಚೆ ಮಾತ್ರ. ಅವರು ಮೈಕು ಹಿಡಿದರೆ ಜನ ಎದ್ದು ಹೋಗುತ್ತಿದ್ದರು, ಆಮೇಲೆ ಶಾಮಿಯಾನದವನು ಹೋಗುತ್ತಿದ್ದ, ಕೊನೆಗೆ ಮೈಕಿನವನೂ ವೈರು ಸುತ್ತತೊಡಗುತ್ತಿದ್ದ. ಅವರು ಪ್ರಚಾರಕ್ಕೆ ಬಂದುಹೋದ ಊರಿನಲ್ಲಿ ಅಭ್ಯರ್ಥಿಯ ಹೆಂಡತಿಯೇ ಎದುರು ಪಕ್ಷಕ್ಕೆ ಓಟು ಹಾಕಿದ್ದಳೆಂದು ಪ್ರತೀತಿ. ಇಂಥವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ದೆಹಲಿಯವರು ಯೋಚನೆ ಮಾಡುತ್ತಿದ್ದ ಕಾಲ ಅದು.

ಆದರೆ ಟಿವಿಯಲ್ಲಿ ನೋಡಬೇಕಿತ್ತು ನಮ್ಮ ನಾಯಕರ ನಿಷ್ಠೆಯನ್ನು! ಚಿಕ್ಕಬಳ್ಳಾಪುರದಲ್ಲಿ ಲೇಔಟು ಮಾಡಿಸುವ ಜಿಲ್ಲಾಧ್ಯಕ್ಷ ಮುರಳಿಮೋಹನ್, “ವೆಂಕಟರವಣಪ್ಪನವರು ಬರೀ ಅಧ್ಯಕ್ಷರಲ್ಲ, ನನ್ನ ಉಸಿರು” ಅಂದ. ಚಿಂತಾಮಣಿಯಲ್ಲಿ ಟೊಮೆಟೊ ಮಂಡಿ ಇಟ್ಟಿರುವ ಮಾಜಿ ಶಾಸಕ ಚೆನ್ನರಾಯಪ್ಪ ಒಂದು ಹೆಜ್ಜೆ ಮುಂದೆ ಹೋಗಿ, “ಅವರು ಬಾವಿಗೆ ಬೀಳು ಅಂದ್ರೆ ಯಾವ ಬಾವಿ ಅಂತ ಕೇಳಲ್ಲ” ಅಂದರು. ಕ್ಯಾಮೆರಾ ಆರಿದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಫೋನು ಮಾಡಿ, ಈ ಮನುಷ್ಯ ಯಾವಾಗ ತೊಲಗುತ್ತಾನೆ ಎಂದು ಕೇಳಿಕೊಂಡದ್ದು ಬೇರೆ ಮಾತು. ಅದನ್ನು ಟಿವಿಯಲ್ಲಿ ತೋರಿಸಲಿಲ್ಲವಾದ್ದರಿಂದ ಆವಲಪ್ಪನಿಗೆ ಗೊತ್ತಾಗಲಿಲ್ಲ. ಇಡೀ ಜಿಲ್ಲೆಯಲ್ಲಿ ಟಿವಿಯನ್ನು ನಂಬಿ ಅಧ್ಯಕ್ಷರನ್ನು ನಿಜವಾಗಿ ಪ್ರೀತಿಸಿದ ಜೀವ ಅದೊಂದೇ.

ಭಾನುವಾರ ಚಿಕ್ಕಬಳ್ಳಾಪುರದಲ್ಲಿ ‘ಅಧ್ಯಕ್ಷರೊಂದಿಗೆ ನಾವು’ ಎಂಬ ಸಮಾವೇಶ ನಿಗದಿಯಾಯಿತು. ಮುರಳಿಮೋಹನನಿಗೂ ಚೆನ್ನರಾಯಪ್ಪನವರಿಗೂ ಇಕ್ಕಟ್ಟು. ಹೋಗಿ ಪಕ್ಕದಲ್ಲಿ ಕೂತರೆ ಮುಂದೆ ಬರುವ ಅಧ್ಯಕ್ಷ ಆ ಫೋಟೋ ನೋಡುತ್ತಾನೆ. ಹೋಗದಿದ್ದರೆ ಈಗಿರುವ ಅಧ್ಯಕ್ಷ ಖಾಲಿ ಕುರ್ಚಿ ನೋಡುತ್ತಾನೆ. ಇಬ್ಬರೂ ತಲೆ ಕೆಡಿಸಿಕೊಂಡು ಕೂತಿರುವಾಗ ಶುಕ್ರವಾರ ಸಂಜೆ ಆವಲಪ್ಪ ಜಿಲ್ಲಾಧ್ಯಕ್ಷರಿಗೆ ಫೋನು ಮಾಡಿದ.

“ಸಾರ್, ಭಾನುವಾರ ಬರಕ್ಕಾಗಲ್ಲ ಸಾರ್. ಬೇಕಾದ್ರೆ ನನ್ನ ಸಸ್ಪೆಂಡ್ ಮಾಡ್ಬಿಡಿ.”

“ಯಾಕ್ರೀ, ಏನಾಯ್ತು?”

“ಹುಳು ಹಣ್ಣಾಗ್ತವೆ ಸಾರ್.”

ಮುರಳಿಮೋಹನ್, ಮುಳುಗುತ್ತಿದ್ದವನಿಗೆ ಹಗ್ಗ ಸಿಕ್ಕ ಹಾಗೆ, “ಆವಲಪ್ಪ, ನೀನು ದೇವರು ಕಣಯ್ಯ” ಅಂದ.

ಹುಳು ಪೊರೆ ಬಿಡುವ ನಾಲ್ಕು ಜ್ವರ ದಾಟಿ, ಸೊಪ್ಪು ತಿನ್ನುವುದು ಬಿಟ್ಟು, ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ ತಲೆ ಆಡಿಸತೊಡಗಿದರೆ ಹಣ್ಣಾಯಿತೆಂದು ಅರ್ಥ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು, ಗೂಡು ಕಟ್ಟಿಕೊಳ್ಳುವುದು ಅದರ ಮೇಲೆಯೇ. ಆ ಹೊತ್ತು ತಪ್ಪಿದರೆ ಗೋಡೆ, ಸೂರು, ಹರಿದ ಗೋಣಿ, ಎಲ್ಲಿ ಸಿಕ್ಕರೆ ಅಲ್ಲಿ ಕಟ್ಟಿಕೊಂಡು ಬೆಳೆ ಮಣ್ಣುಪಾಲು. ಅದಕ್ಕೇ ಈ ಸೀಮೆಯಲ್ಲಿ ‘ಹುಳು ಹಣ್ಣಾಗಿದೆ’ ಎಂದು ಹೇಳಿ ಒಡಹುಟ್ಟಿದವಳ ಮದುವೆ ತಪ್ಪಿಸಿದರೂ ಅವಳು ಬೇಸರಪಟ್ಟುಕೊಳ್ಳುವುದಿಲ್ಲ. ಹಿಂದಿನ ಬೆಳೆಯಲ್ಲಿ ಹುಳು ಹಣ್ಣಾದ ದಿನ ಆವಲಪ್ಪ ಪಕ್ಷದ ಧರಣಿಯಲ್ಲಿ ಕೂತಿದ್ದ. ಹುಳು ಸೂರು ಹತ್ತಿದ್ದವು. ಅಶ್ವತ್ಥಮ್ಮ ಏಣಿ ಹತ್ತಿದ್ದಳು. ಇಳಿದ ಮೇಲೆ ಅವಳು ಹೇಳಿದ್ದು ಇಷ್ಟೇ: “ಇನ್ನೊಂದು ಸಲ ಹಿಂಗಾದ್ರೆ ಹುಳುಮನೆಗೆ ಬೀಗ. ನಾನು ಮಂಚೇನಹಳ್ಳಿ ಬಸ್ಸು.” ಮಂಚೇನಹಳ್ಳಿ ಅವಳ ತವರು. ಅವಳು ಮಾತು ಕೊಟ್ಟರೆ ಪಕ್ಷದವರ ಹಾಗಲ್ಲ, ಮಾಡಿಯೇ ತೀರುವವಳು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಜಿಲ್ಲೆಯ ಪದಾಧಿಕಾರಿಗಳೆಲ್ಲರ ಮನೆಯಲ್ಲೂ ಹುಳು ಹಣ್ಣಾಗಿದ್ದವು. ಹಿಪ್ಪುನೇರಳೆ ಗಿಡ ಯಾವ ಬಣ್ಣ ಎಂದು ಗೊತ್ತಿಲ್ಲದವರ ಮನೆಯಲ್ಲಿ ಎರಡೆರಡು ಅಂತಸ್ತಿನ ತುಂಬ ಹಣ್ಣಾಗಿದ್ದವು. ಅಪಾರ್ಟ್‌ಮೆಂಟಿನಲ್ಲಿದ್ದ ಒಬ್ಬ ಉಪಾಧ್ಯಕ್ಷ ಬಾಲ್ಕನಿಯಲ್ಲಿ ಹಣ್ಣಾಗಿಸಿಕೊಂಡಿದ್ದ.

ವೆಂಕಟರವಣಪ್ಪನವರು ಒಂದೊಂದೇ ಫೋನು ಕೇಳಿದರು. ಕೇಳಿ ಕೇಳಿ ಅವರ ಕಣ್ಣು ಒದ್ದೆಯಾಯಿತು. ಮುರಳಿಮೋಹನನಿಗೆ ತಿರುಗಿ ಫೋನು ಮಾಡಿದರು.

“ರೈತರಪ್ಪಾ ನೀವೆಲ್ಲ! ಇಷ್ಟು ವರ್ಷ ನನಗೆ ಗೊತ್ತೇ ಇರ್ಲಿಲ್ಲ. ಸಮಾವೇಶ ಕ್ಯಾನ್ಸಲ್. ನಾಳೆ ನಾನೇ ಮನೆಮನೆಗೆ ಬರ್ತೀನಿ, ಹುಳು ನೋಡ್ತೀನಿ. ಟಿವಿಯವರನ್ನೂ ಕರ್ಕೊಂಡು ಬರ್ತೀನಿ. ಮೊದಲು ನಿಮ್ಮ ಮನೆ, ಆಮೇಲೆ ಚೆನ್ನರಾಯಪ್ಪ, ಕೊನೆಗೆ ಆ ಆವಲಪ್ಪ ಅನ್ನೋರು. ಪಾಪ, ಮೊದಲು ಹೇಳಿದ್ದೇ ಅವರಂತೆ.”

ಭಾನುವಾರ ಕೋಳಿ ಕೂಗುವ ಮೊದಲೇ ಆವಲಪ್ಪನ ಮನೆ ಮುಂದೆ ಕಪ್ಪು ಕಾರು ನಿಂತಿತು. ಜಿಲ್ಲಾಧ್ಯಕ್ಷರು ಸಹ ಕಾರ್ಯದರ್ಶಿಯ ಮನೆಗೆ ಬಂದದ್ದು ಅದೇ ಮೊದಲು. ಎದುರು ಮನೆಯ ಚಿಕ್ಕವೆಂಕಟಮ್ಮ ಹಲ್ಲುಜ್ಜುವುದು ನಿಲ್ಲಿಸಿ, “ಅಯ್ಯೋ ಶಿವನೇ, ಏನ್ ಕದ್ದನೋ” ಅಂದಳು.

ಹುಳುಮನೆಯ ಬಾಗಿಲಲ್ಲಿ ಅಶ್ವತ್ಥಮ್ಮ ಅಡ್ಡ ನಿಂತಳು.

“ಒಳಗೆ ಬರ್ಬೇಡಿ ಸ್ವಾಮಿ. ಸೆಂಟು ಹಾಕ್ಕೊಂಡಿದೀರ. ಹುಳಕ್ಕೆ ಆಗಲ್ಲ.”

“ನಾನು ಡಿಸ್ಟ್ರಿಕ್ಟ್ ಪ್ರೆಸಿಡೆಂಟಮ್ಮ.”

“ಹುಳಕ್ಕೆ ಗೊತ್ತಾಗಲ್ಲ.”

ಕಾಲು ತೊಳೆದು, ಸುಣ್ಣದ ಪುಡಿ ತುಳಿದು, ಹೊಸಿಲಲ್ಲೇ ನಿಂತು ಮುರಳಿಮೋಹನ್ ವಿಷಯ ಹೇಳಿದ. ಹುಳು ಬಿಟ್ಟಿರುವ ಚಂದ್ರಿಕೆಗಳು ಬೇಕು. ಮೊದಲು ತನ್ನ ಮನೆಗೆ, ಅಲ್ಲಿಂದ ಚಿಂತಾಮಣಿಗೆ, ಅಲ್ಲಿಂದ ವಾಪಸ್ಸು ಇಲ್ಲಿಗೆ. ಅಧ್ಯಕ್ಷರ ಕಾರಿಗಿಂತ ಮುಂದೆ ಮುಂದೆ ಟೆಂಪೋ ಹೋಗುತ್ತಿದ್ದರಾಯಿತು.

“ಹುಳಾನ ಕಡ ಕೇಳಕ್ಕೆ ಬಂದವ್ರಲ್ಲ! ಉಪ್ಪು ಹುಣಸೆಹಣ್ಣಾ ಇದು?” ಅಂದವಳೇ ಅಶ್ವತ್ಥಮ್ಮ, ಇಂಥ ಮಾತಿಗೆಲ್ಲ ತನಗೆ ಪುರಸತ್ತಿಲ್ಲವೆಂಬಂತೆ ಇನ್ನಷ್ಟು ಖಾಲಿ ಚಂದ್ರಿಕೆ ತರಲು ಚಿಕ್ಕವೆಂಕಟಮ್ಮನ ಮನೆಗೆ ಹೋದಳು.

ಅವಳು ಅತ್ತ ಹೋದದ್ದೇ ತಡ, ಮುರಳಿಮೋಹನ್ ಆವಲಪ್ಪನ ಭುಜದ ಮೇಲೆ ಕೈಯಿಟ್ಟ. “ಜಿಲ್ಲಾ ರೇಷ್ಮೆ ಘಟಕ ಅಂತ ಹೊಸದು ಮಾಡ್ತಿದೀವಿ. ಅಧ್ಯಕ್ಷ ಯಾರು ಅಂತ ಯೋಚನೆ ಮಾಡ್ತಿದ್ದೆ.”

ಆವಲಪ್ಪನ ಮನಸ್ಸು ಆಗಲೇ ಗಾಡಿಯ ಹತ್ತಿರ ಹೋಗಿ, ಹೊಸ ಬೋರ್ಡು ಎಲ್ಲಿ ಹಾಕಿಸುವುದೆಂದು ನೋಡುತ್ತಿತ್ತು. ಹಾರನ್ ಬಿಚ್ಚಿಸಿದರೆ ಜಾಗವಾಗುತ್ತದೆ.

ಅಶ್ವತ್ಥಮ್ಮ ವಾಪಸ್ಸು ಬಂದಾಗ ಅವಳ ತಮ್ಮ ಮುನೇಶನ ಟೆಂಪೋದಲ್ಲಿ ಹುಳು ತುಂಬಿದ ಚಂದ್ರಿಕೆಗಳು ಸಾಲಾಗಿ ನಿಂತಿದ್ದವು, ಮೇಲೆ ಅವಳದೇ ಹಳೇ ಸೀರೆ ಹೊದಿಸಿತ್ತು. ಅವಳು ಕೂಗಲಿಲ್ಲ. ಗೂಡು ಕಟ್ಟುವ ಹುಳದ ಹತ್ತಿರ ಕೂಗಬಾರದು. ಆವಲಪ್ಪನಿಗೆ ಅವಳು ಕೂಗಿದ್ದರೇ ವಾಸಿಯಾಗಿತ್ತು. ಸೆರಗು ಸಿಕ್ಕಿಸಿಕೊಂಡು ಟೆಂಪೋ ಹತ್ತಿ ಚಂದ್ರಿಕೆಗಳ ನಡುವೆ ಕೂತಳು.

“ಹುಳ ಎಲ್ಲೋ ನಾನಲ್ಲಿ. ಒಂದು ಹುಳ ಕೆಳಗೆ ಬೀಳ್ಲಿ, ಮಂಚೇನಹಳ್ಳಿ ಬಸ್ಸಿಗೂ ಕಾಯಲ್ಲ, ಇದೇ ಟೆಂಪೋದಲ್ಲಿ ಹೋಗ್ತೀನಿ.”

“ಬಾವ, ನೀನು ಮುಂದೆ ಕೂತ್ಕೊ,” ಅಂದ ಮುನೇಶ. “ಹಿಂದೆ ಕೂತ್ರೆ ಅಕ್ಕ ನಿನ್ನನ್ನೇ ಚಂದ್ರಿಕೆಗೆ ಬಿಡ್ತಾಳೆ.”

ಚಿಕ್ಕಬಳ್ಳಾಪುರದ ಮುರಳಿಮೋಹನನ ಮನೆಯಲ್ಲಿ ಸಿನಿಮಾ ನೋಡಲೆಂದೇ ಒಂದು ಕೋಣೆಯಿತ್ತು. ಅಲ್ಲಿ ಸೋಫಾಗಳನ್ನು ಸರಿಸಿ, ವೆಲ್ವೆಟ್ ಪರದೆಗಳಿಗೆ ಚಂದ್ರಿಕೆ ಒರಗಿಸಿದರು. ಅವುಗಳಲ್ಲೊಂದು ಮುರಿದದ್ದು. ಹೋದ ಚುನಾವಣೆಯ ಹಳೇ ಫ್ಲೆಕ್ಸಿನ ತುಂಡಿನಿಂದ ಆವಲಪ್ಪ ಅದಕ್ಕೆ ತೇಪೆ ಹಾಕಿದ್ದ. ತೇಪೆಯಲ್ಲಿ ವೆಂಕಟರವಣಪ್ಪನವರ ಒಂದು ಕಣ್ಣು, ಅರ್ಧ ಮೀಸೆ ಉಳಿದುಕೊಂಡಿದ್ದವು.

ಅಧ್ಯಕ್ಷರು ಕೆಂಪು ಅಂಚಿನ ದಪ್ಪ ಶಾಲು ಹೊದ್ದು, ಟಿವಿಯವರ ಸಮೇತ ಒಳಗೆ ಬಂದು ಗಂಟಲು ಸರಿಮಾಡಿಕೊಂಡರು. “ಮಹಾಜನರೇ, ಈ ಸಂದರ್ಭದಲ್ಲಿ ನಾನು...”

“ಶ್!” ಅಂದಳು ಅಶ್ವತ್ಥಮ್ಮ. “ಮಾತಾಡ್ಬೇಡಿ ಸ್ವಾಮಿ. ಹುಳ ಬೆದರ್ತವೆ.”

ದೆಹಲಿಯವರು, ಕೋರ್ಟಿನವರು, ಸ್ವಂತ ಮಕ್ಕಳು ಯಾರಿಂದಲೂ ಆಗದ ಕೆಲಸ ಅದು. ಆದರೆ ಅಧ್ಯಕ್ಷರು ಬಾಯಿ ಮುಚ್ಚಿದರು! ಚಂದ್ರಿಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಹುಳು ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತ ತನ್ನ ಸುತ್ತ ಎಳೆ ಎಳೆಯಾಗಿ ಗೋಡೆ ಎಬ್ಬಿಸುವುದನ್ನು ನೋಡುತ್ತ ಕೂತುಬಿಟ್ಟರು. ಎದ್ದಾಗ ಮುಖ ಮಗುವಿನ ಹಾಗಾಗಿತ್ತು.

“ಇದು ಯಾರಮ್ಮ?” ಎಂದು ಪಿಸುಗುಟ್ಟಿದರು.

“ನಮ್ಮನೆ ಹುಳು ನೋಡ್ಕೊಳೋರು ಸಾರ್,” ಅಂದ ಮುರಳಿಮೋಹನ್, “ಚಿಕ್ಕಂದಿನಿಂದ ನಮ್ಮಲ್ಲೇ ಇದಾರೆ.”

ಅಶ್ವತ್ಥಮ್ಮ ಅವನನ್ನು ಒಂದು ನೋಟ ನೋಡಿದಳು. ಆ ನೋಟ ಟಿವಿಯಲ್ಲಿ ಬಂತು.

ಮುಂದಿನದು ಕಷ್ಟದ ಕೆಲಸ. ಅಧ್ಯಕ್ಷರು ಚಿಂತಾಮಣಿ ಮುಟ್ಟುವ ಮೊದಲು ಚಂದ್ರಿಕೆ ಎತ್ತಿ, ಟೆಂಪೋ ತುಂಬಿ, ಮುಂದೆ ಓಡಬೇಕು. ಮುರಳಿಮೋಹನ್ ಅವರನ್ನು ಶಿಡ್ಲಘಟ್ಟದ ಸರ್ಕಲ್ಲಿನಲ್ಲಿ ನಿಲ್ಲಿಸಿ, “ಸಾರ್, ನಾಲ್ಕು ಮಾತಾಡಿ” ಅಂದ. ಅಧ್ಯಕ್ಷರು ಕಾರಿನ ಮೇಲೆ ನಿಂತರು. ಕೇಳುವವರೆಂದರೆ ಬಸ್ಸಿಗೆ ಕಾಯುವವರು, ಗೂಡು ಮಾರಲು ಬಂದವರು, ಒಂದು ಹಸು. ಹತ್ತು ನಿಮಿಷಕ್ಕೆ ಅಧ್ಯಕ್ಷರೇ ಮುಗಿಸಲು ಹೊರಟಾಗ ಮುರಳಿಮೋಹನ್ ಕೈ ಮುಗಿದ. “ಇನ್ನೂ ಮಾತಾಡಿ ಸಾರ್. ಜನಕ್ಕೆ ಸಾಕಾಗಿಲ್ಲ.”

ಅಧ್ಯಕ್ಷರು ಅವನನ್ನೇ ನೋಡಿದರು. ಅವರ ರಾಜಕೀಯ ಜೀವನದಲ್ಲಿ ಇಂಥ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಕಣ್ಣೊರೆಸಿಕೊಂಡು ಮೊದಲಿಂದ ಶುರುಮಾಡಿದರು. ಪಕ್ಕದಲ್ಲೇ ಟೆಂಪೋ ಬುರ್ರೆಂದು ಹಾದುಹೋಯಿತು. ಆವಲಪ್ಪ ಕಿಟಕಿಯಿಂದ ತಲೆ ಹಾಕಿ, “ಅಧ್ಯಕ್ಷರಿಗೆ ಜಯವಾಗಲಿ!” ಎಂದು ಮನಸಾರೆ ಕೂಗಿದ. ಹಿಂದೆ ಅಶ್ವತ್ಥಮ್ಮ ಕೂತ ಕಡೆಯಿಂದ ತಗಡಿಗೆ ಒಂದು ಏಟು ಬಿದ್ದ ಸದ್ದು ಬಂತು.

ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಕ್ರೇಟುಗಳ ನಡುವೆ ಚಂದ್ರಿಕೆ ಇಳಿದವು. ದಾರಿಯ ಗುಂಡಿಗಳಿಗೆ ಅರ್ಧ ಹುಳು ಗೂಡು ಬಿಟ್ಟು ಟೆಂಪೋದ ತುಂಬ ಹರಿದಾಡುತ್ತಿದ್ದವು. ಅಶ್ವತ್ಥಮ್ಮ ಒಂದೊಂದನ್ನೇ ಎತ್ತಿ ಇಡುತ್ತಿದ್ದಳು. ತುಟಿ ಬಿಗಿದಿತ್ತು, ಕಣ್ಣಲ್ಲಿ ನೀರು ನಿಂತಿತ್ತು. ಅದನ್ನು ನೋಡಿದ ಆವಲಪ್ಪನಿಗೆ ಹೊಸ ಬೋರ್ಡು ಮೊದಲ ಬಾರಿಗೆ ಸ್ವಲ್ಪ ಸಣ್ಣದಾಗಿ ಕಾಣಿಸಿತು.

ಅಧ್ಯಕ್ಷರು ಬಂದು ಇಲ್ಲಿಯೂ ಕುಕ್ಕರಗಾಲಲ್ಲಿ ಕೂತರು. ಎದ್ದು ಅಶ್ವತ್ಥಮ್ಮನನ್ನು ದಿಟ್ಟಿಸಿದರು.

“ಅಮ್ಮ, ನಿಮ್ಮನ್ನ ಎಲ್ಲೋ...”

“ಅವಳಿ ಜವಳಿ ಸಾರ್,” ಅಂದುಬಿಟ್ಟ ಮುನೇಶ. “ಇವರ ಅಕ್ಕ ಅಲ್ಲಿ, ಇವ್ರು ಇಲ್ಲಿ.”

“ಸೀರೆಯೂ ಒಂದೇ?”

“ಒಂದೇ ಅಂಗಡೀಲಿ ತಗೊಂಡ್ರು ಸಾರ್.”

“ನಮ್ಮನೇಲಿ ಹುಳು ಅಂದ್ರೆ ಪ್ರಾಣ,” ಎಂದು ಚೆನ್ನರಾಯಪ್ಪನವರು ಒಂದು ಹುಳ ಎತ್ತಿ ಮುದ್ದಾಡಲು ಹೋದರು. ಅದು ಅಂಗೈ ಮೇಲೆ ಹರಿದದ್ದೇ, “ಅಬ್ಬೋ!” ಎಂದು ಕೊಡವಿದರು. ಅಧ್ಯಕ್ಷರು ತೇಪೆಯ ಚಂದ್ರಿಕೆಯತ್ತ ಒಮ್ಮೆ ನೋಡಿ ಶಾಲು ಸರಿಮಾಡಿಕೊಂಡು ಕಾರು ಹತ್ತಿದರು. ಮುರಳಿಮೋಹನನೂ ಚೆನ್ನರಾಯಪ್ಪನವರೂ ಬೆನ್ನಿಗೇ ಹತ್ತಿದರು.

ಇನ್ನು ಉಳಿದದ್ದು ಆವಲಪ್ಪನ ಮನೆ. ಹುಳುವಿನ ನಿಜವಾದ ಮನೆ. ದಾರಿ ತೋರಿಸಲೆಂದು ಆವಲಪ್ಪನನ್ನು ಮುಂದಿನ ಸೀಟಿಗೆ ಕೂರಿಸಿಕೊಂಡರು. ಆವಲಪ್ಪ ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಇದ್ದ. ಅಧ್ಯಕ್ಷರ ಕಾರು ರೈಲ್ವೆ ಗೇಟು ದಾಟಿತು. ಹಿಂದೆಯೇ ಗೇಟು ಬಿತ್ತು. ಟೆಂಪೋ ಆ ಕಡೆ ಉಳಿಯಿತು.

ಮನೆ ಬಂತು. ಊರಿನವರೆಲ್ಲ ಸೇರಿದ್ದರು. ಹುಳುಮನೆಯ ಬಾಗಿಲು ತೆಗೆದರೆ ಒಳಗೆ ಒಣಗಿದ ಸೊಪ್ಪಿನ ಕಡ್ಡಿ, ಪಾಚಿ ಬಣ್ಣದ ಹಿಕ್ಕೆ, ಒಂದು ಪೊರಕೆ. ಹುಳು ಒಂದೂ ಇಲ್ಲ.

ಇಡೀ ಜಿಲ್ಲೆಯಲ್ಲಿ ನಿಜವಾಗಿ ಹುಳು ಹಣ್ಣಾಗಿದ್ದ ಒಬ್ಬನೇ ಒಬ್ಬ ಮನುಷ್ಯ ಟಿವಿಯವರ ಮುಂದೆ ಸುಳ್ಳುಗಾರನಾಗಿ ನಿಂತ.

ಮುರಳಿಮೋಹನ್ ಒಂದು ಕ್ಷಣ ಗಲಿಬಿಲಿಗೊಂಡ. ಕ್ಯಾಮೆರಾ ತನ್ನ ಕಡೆ ತಿರುಗಿದ್ದೇ ನಿಷ್ಠೆ ಉಕ್ಕಿಬಂತು. “ಹುಳದ ಹೆಸರಲ್ಲಿ ಅಧ್ಯಕ್ಷರಿಗೇ ಮೋಸ! ಇಂಥ ದ್ರೋಹಿಗಳಿಂದಲೇ ಪಕ್ಷ ಈ ಗತಿಗೆ ಬಂದಿದ್ದು.”

“ಸಾರ್, ನೀವೇ ಅಲ್ವಾ ಸಾರ್...”

“ಎದುರು ಬೇರೆ ಮಾತಾಡ್ತೀಯಾ? ಸಸ್ಪೆಂಡ್!”

“ಸಸ್ಪೆಂಡ್ ಸಾಲ್ದು,” ಅಂದರು ಚೆನ್ನರಾಯಪ್ಪ, “ಉಚ್ಚಾಟನೆ ಮಾಡಿ.” ಅಂದವರೇ ಗಾಡಿಯ ಹತ್ತಿರ ಹೋಗಿ ಕೆಂಪು ಅಕ್ಷರದ ಬೋರ್ಡನ್ನು ಹಿಡಿದು ಜಗ್ಗಿದರು. ಬೋರ್ಡು ಕಿತ್ತು ಬಂತು. ಅದರ ಹಿಂದೆ ಹೆಡ್‌ಲೈಟು ಇರಬೇಕಾದ ಜಾಗ ಹಲ್ಲು ಬಿದ್ದ ಬಾಯಿಯ ಹಾಗಿತ್ತು. ಆವಲಪ್ಪ ಅದನ್ನು ನೋಡುತ್ತ ನಿಂತ. ಬೋರ್ಡಿಗಿಂತ ಹೆಚ್ಚಾಗಿ ಅವನ ಕಿವಿಯಲ್ಲಿ ಮಂಚೇನಹಳ್ಳಿ ಬಸ್ಸಿನ ಹಾರನ್ ಕೇಳುತ್ತಿತ್ತು.

ಆಗ ಟೆಂಪೋ ಬಂತು.

ಅಶ್ವತ್ಥಮ್ಮ ಇಳಿದಳು. ತಲೆಯಲ್ಲಿ ಹುಳು, ಸೆರಗಿನಲ್ಲಿ ಹುಳು. ಗಂಡನ ಮುಖ ನೋಡಿದಳು, ಮಣ್ಣಲ್ಲಿ ಬಿದ್ದ ಬೋರ್ಡು ನೋಡಿದಳು. ಹುಳು ಆಗಲೇ ಬೆದರಿ ಗೂಡು ಬಿಟ್ಟಿದ್ದವಾದ್ದರಿಂದ ಈಗ ಕೂಗಲು ಅಡ್ಡಿ ಇರಲಿಲ್ಲ.

“ಯಾರಯ್ಯಾ ಅದನ್ನ ಕಿತ್ತಿದ್ದು? ಬೆಳಗ್ಗೆ ಸುಣ್ಣ ತುಳ್ಕೊಂಡು ನಮ್ಮ ಬಾಗಿಲಲ್ಲಿ ಭಿಕ್ಷೆಗೆ ನಿಂತಿದ್ರಲ್ಲ, ನೀವಾ? ಹುಳ ನೋಡಿ ಅಬ್ಬೋ ಅಂದ್ರಲ್ಲ, ನೀವಾ? ಇವನು ದಡ್ಡ ಕಣ್ರಯ್ಯಾ, ನಾನೇ ದಿನಾ ಬಯ್ತೀನಿ. ಆದ್ರೆ ಸುಳ್ಳ ಅಲ್ಲ. ನಿಮ್ಮ ಸುಳ್ಳಿಗೆ ನನ್ನ ಹುಳ ಬೇಕಿತ್ತಾ?”

ಚಿಕ್ಕವೆಂಕಟಮ್ಮ ಹಿಂದಿನಿಂದ, “ಇನ್ನೆರಡು ಬಿಡಮ್ಮ” ಅಂದಳು.

ಎಲ್ಲರೂ ಅಧ್ಯಕ್ಷರನ್ನು ನೋಡಿದರು. ಅವರು ಟೆಂಪೋದ ಹತ್ತಿರ ಹೋಗಿ, ತೇಪೆ ಹಾಕಿದ ಚಂದ್ರಿಕೆಯನ್ನು ಮುಟ್ಟಿದರು.

“ಮೂರು ಕಡೆಯೂ ನನ್ನ ಕಣ್ಣು ನನ್ನನ್ನೇ ನೋಡ್ತಿತ್ತು,” ಅಂದರು. “ಚಿಂತಾಮಣೀಲೇ ಗೊತ್ತಾಯ್ತು ನಂಗೆ. ಆದ್ರೂ ಸುಮ್ನಿದ್ದೆ. ನನಗೋಸ್ಕರ ಇಷ್ಟು ಕಷ್ಟಪಟ್ಟು ಯಾರೂ ಯಾವತ್ತೂ ಸುಳ್ಳು ಹೇಳಿರ್ಲಿಲ್ಲಪ್ಪ. ಸುಮ್ನೆ ಟಿವೀಲಿ ಹೇಳಿ ಮುಗಿಸ್ತಿದ್ರು.” ಆಮೇಲೆ ಅಶ್ವತ್ಥಮ್ಮನ ಕಡೆ ತಿರುಗಿದರು. “ಈಗೇನು ಮಾಡ್ಬೇಕಮ್ಮ?”

“ಆರಿಸ್ಬೇಕು. ಬಿದ್ದಿರೋದನ್ನೆಲ್ಲ ಬಿಸಿಲು ಇಳಿಯೋ ಒಳಗೆ ವಾಪಸ್ಸು ಬಿಡ್ಬೇಕು. ಜನ ಸಾಲಲ್ಲ.”

“ಸಾಲತ್ತೆ,” ಅಂದರು ಅಧ್ಯಕ್ಷರು, ಚಪ್ಪಲಿ ಬಿಟ್ಟು. “ಮುರಳಿ, ಬಾಪ್ಪ. ಚೆನ್ನರಾಯಪ್ಪ, ಬಾವಿ ಬೇಡ, ಟೆಂಪೋಗೆ ಇಳೀರಿ.”

ಹಾಗೆ ಒಂದು ಪಕ್ಷದ ರಾಜ್ಯಾಧ್ಯಕ್ಷರು, ಜಿಲ್ಲಾಧ್ಯಕ್ಷರು, ಮಾಜಿ ಶಾಸಕರು ಒಂದು ಇಡೀ ಮಧ್ಯಾಹ್ನ ಬಾಯಿ ಮುಚ್ಚಿಕೊಂಡು ಉಪಯೋಗಕ್ಕೆ ಬರುವ ಕೆಲಸ ಮಾಡಿದರು. ಯಾರಾದರೂ ತುಟಿ ಬಿಚ್ಚಿದರೆ ಅಶ್ವತ್ಥಮ್ಮ “ಶ್!” ಅನ್ನುತ್ತಿದ್ದಳು. ಸಂಜೆಯ ಸುದ್ದಿಯಲ್ಲಿ ‘ಅಧ್ಯಕ್ಷರ ಬೆನ್ನಿಗೆ ಒಗ್ಗಟ್ಟಾಗಿ ನಿಂತ ಜಿಲ್ಲೆ’ ಎಂದು ಬಂತು.

ಬೆಳೆ ಪೂರ್ತಿ ಕೈಬಿಡಲಿಲ್ಲ. ಗೂಡು ಕೆಲವು ಜಾಳು, ಕೆಲವು ಗಟ್ಟಿ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರೊಬ್ಬ ಎರಡನ್ನು ಕಿವಿಯ ಹತ್ತಿರ ಆಡಿಸಿ ನೋಡಿ, “ಯಾವೂರಿನ ಗೂಡಮ್ಮ ಇದು?” ಎಂದು ಕೇಳಿದಾಗ ಅಶ್ವತ್ಥಮ್ಮ, “ಯಾವೂರು ಅಂತ ಹೇಳಲಣ್ಣ” ಅಂದಳು. ಮಂಚೇನಹಳ್ಳಿ ಬಸ್ಸು ಅವಳಿಲ್ಲದೆ ಹೋಯಿತು. ಗಾಡಿಗೆ ಹೆಡ್‌ಲೈಟು ಬಂತು. ಮುರಳಿಮೋಹನನ ವೆಲ್ವೆಟ್ ಪರದೆಯಲ್ಲಿ ಗೂಡು ಸಿಕ್ಕವಂತೆ, ಚೆನ್ನರಾಯಪ್ಪನವರ ಟೊಮೆಟೊ ಕ್ರೇಟಿನಲ್ಲೂ ಸಿಕ್ಕವಂತೆ.

ಗೂಡು ಮಾರಿದ ವಾರವೇ ದೆಹಲಿಯವರು ವೆಂಕಟರವಣಪ್ಪನವರನ್ನು ತೆಗೆದರು. ಮುರಳಿಮೋಹನ್ ಟಿವಿಯಲ್ಲಿ ಬಂದು ಹೊಸ ಅಧ್ಯಕ್ಷರೇ ತನ್ನ ಉಸಿರು ಅಂದ. ಉಸಿರು ಬದಲಾಯಿಸುವಾಗ ಅವನು ಕೆಮ್ಮಲೂ ಇಲ್ಲ.

ಮರುದಿನ ಬೆಳಗ್ಗೆ ಊರಿನ ಬಸ್‌ಸ್ಟಾಪಿನಲ್ಲಿ ವೆಂಕಟರವಣಪ್ಪನವರು ಒಬ್ಬರೇ ಇಳಿದರು. ಕಾರಿಲ್ಲ, ಟಿವಿಯಿಲ್ಲ. ಆವಲಪ್ಪ ಓಡಿಬಂದು ಕಾಲಿಗೆ ಬಿದ್ದ. ಅಶ್ವತ್ಥಮ್ಮ ಮಣೆ ಹಾಕಿದಳು. ಅವರು ಚೀಲದಿಂದ ಕೆಂಪು ಅಂಚಿನ ಶಾಲನ್ನು ಮೆಲ್ಲಗೆ ತೆಗೆದು ಮಡಿಕೆ ಬಿಚ್ಚಿದರು. ಒಳಗೆ, ಅಂಚಿನ ಮೂಲೆಯಲ್ಲಿ, ಒಂದು ಗೂಡು.

“ನಿಮ್ಮದೊಂದು ನನ್ನ ಹತ್ರ ಉಳ್ಕೊಂಡಿತ್ತಮ್ಮ. ಅವತ್ತು ಹತ್ಕೊಂಡಿರಬೇಕು. ಇಳೀಲೇ ಇಲ್ಲ.”

ಅಶ್ವತ್ಥಮ್ಮ ಗೂಡನ್ನು ಬಿಡಿಸಿ ಹೆಬ್ಬೆರಳಲ್ಲಿ ಒತ್ತಿ ನೋಡಿದಳು. “ಇಡೀ ಬೆಳೇಲಿ ಇಷ್ಟು ಗಟ್ಟಿ ಗೂಡು ಇನ್ನೊಂದು ಬಂದಿಲ್ಲ ಸ್ವಾಮಿ. ಸದ್ದಿಲ್ಲದ ಕಡೆ ಕಟ್ಟಿದೆ.”

“ಹೌದಮ್ಮ,” ಅಂದರು ಅವರು. “ಅವತ್ತಿಂದ ನನ್ನ ಹತ್ರ ಮಾತಾಡೋರು ಯಾರೂ ಬರ್ಲಿಲ್ಲ.”

ಅವಳು ಗೂಡನ್ನು ಮತ್ತೆ ಅವರ ಅಂಗೈಗೇ ಇಟ್ಟು, ಮುದ್ದೆ ತಿರುವಲು ಒಳಗೆ ಹೋದಳು. ಅಷ್ಟರಲ್ಲಿ ಆವಲಪ್ಪನ ಫೋನು ಬಡಿದುಕೊಂಡಿತು. ಮುರಳಿಮೋಹನ್.

“ಆವಲಪ್ಪ, ಹಳೇದೆಲ್ಲ ಮರ್ತುಬಿಡು. ಭಾನುವಾರ ಹೊಸ ಅಧ್ಯಕ್ಷರು ಬರ್ತಾರೆ, ದೊಡ್ಡ ಸಮಾವೇಶ. ನಿನ್ನ ಉಚ್ಚಾಟನೆ ವಾಪಸ್ಸು. ಹೊಸ ಬೋರ್ಡು ನಾನೇ ಬರೆಸ್ತೀನಿ. ಬಂದ್ಬಿಡು.”

ಆವಲಪ್ಪ ಗಾಡಿಯ ಹೊಸ ಹೆಡ್‌ಲೈಟು ನೋಡಿದ. ಮಣೆಯ ಮೇಲೆ ಕೂತ ಮುದುಕರನ್ನು ನೋಡಿದ.

“ಆಗಲ್ಲ ಸಾರ್. ಹುಳು ಹಣ್ಣಾಗಿದೆ.”

“ಏಯ್, ಯಾರಿಗೆ ಹೇಳ್ತೀಯ? ಮೊನ್ನೆ ತಾನೆ ಗೂಡು ಮಾರಿದ್ದೀಯ. ಎಷ್ಟು ಹುಳ ಇವೆಯಯ್ಯಾ ಈಗ ನಿಮ್ಮನೇಲಿ?”

ಆವಲಪ್ಪ ಆ ಅಂಗೈಯತ್ತ ನೋಡಿ, ಸತ್ಯವನ್ನೇ ಹೇಳಿದ.

“ಒಂದಿದೆ ಸಾರ್.”